ಬಿಸಿಲಿಗೆ ಆರದ ಹನಿ

ಶಿಷ್ಯ ಕೇಳಿದ: "ಗುರುಗಳೇ, ಒಂದು ಜೀವಕ್ಕೂ ನೋವು ಮಾಡದೆ ಬದುಕಬೇಕೆಂದು ನನ್ನ ಆಸೆ. ಎಲ್ಲಿಂದ ಆರಂಭಿಸಲಿ?"

ಹಾಗೆ ಬದುಕಲು ಹೊರಟ ಒಬ್ಬಳ ಕತೆ ಇದೆ, ಮೊದಲು ಅದನ್ನು ಕೇಳು ಎಂದು ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಜೈನ ಶ್ರಾವಿಕೆ ಇದ್ದಳು. ಅವಳ ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡಳು. ತನ್ನ ಕಣ್ಣೆದುರು ಇನ್ನೊಂದು ಜೀವ ಹೋಗಬಾರದೆಂದು ಅವಳು ಬಸದಿಯಲ್ಲಿ ನಿಂತು ವ್ರತ ಹಿಡಿದಳು. ಬಾವಿಯ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿಯೇ ಕುಡಿಯುತ್ತಿದ್ದಳು. ಬಟ್ಟೆಯಲ್ಲಿ ಉಳಿದ, ಕಣ್ಣಿಗೂ ಕಾಣದ ಹುಳುಗಳನ್ನು ಮತ್ತೆ ಅದೇ ಬಾವಿಗೆ ಇಳಿಸಿ ಬರುತ್ತಿದ್ದಳು. ಬೇರೆ ನೀರಿಗೆ ಬಿಟ್ಟರೆ ಅವು ಬದುಕಲಾರವು ಎಂಬುದು ಅವಳ ಮನೆತನದವರ ನಂಬಿಕೆ. ವ್ರತವೇನೋ ನಡೆಯಿತು, ನಿದ್ದೆ ಮಾತ್ರ ಬರಲಿಲ್ಲ.

ಬಸದಿಯ ಹಿಂದೆ ಮುರಕಲ್ಲಿನ ಬಯಲು. ಮಳೆ ನಿಂತ ಮೇಲೂ ಅಲ್ಲಿ ಕಲ್ಲಿನ ಮೇಲೆ ನೀರು ತೆಳ್ಳಗೆ ಜಿನುಗುತ್ತಿತ್ತು. ಮಣ್ಣು ಉಗುರು ಮುಚ್ಚುವಷ್ಟು, ಅದರಲ್ಲೂ ಸಾರವಿಲ್ಲ. ಹುಲ್ಲು ಕೂಡ ಮನಸ್ಸಿಲ್ಲದೆ ಬೆಳೆಯುವ ಜಾಗ ಅದು. ಪೂಜೆಗೆ ಹೂ ಹುಡುಕಿಕೊಂಡು ಹೋದವಳಿಗೆ ನೆಲಕ್ಕೆ ಅಂಟಿಕೊಂಡ ಪುಟ್ಟ ಕೆಂಪು ಗಿಡಗಳು ಕಂಡವು. ಎಲೆಯ ತುಂಬ ಕೂದಲಿನಂಥ ಎಳೆಗಳು, ಒಂದೊಂದರ ತುದಿಗೂ ಒಂದು ಹನಿ. ಹೊತ್ತು ನೆತ್ತಿಗೆ ಬಂದು, ಸುತ್ತಲಿನ ಇಬ್ಬನಿಯೆಲ್ಲ ಆರಿದರೂ ಆ ಹನಿ ಆರಲಿಲ್ಲ.

ಅವಳು ನೋಡುತ್ತಾ ಕುಳಿತಳು. ಎಚ್ಚರವೋ ನಿದ್ದೆಯೋ ತಿಳಿಯದ ಹಾಗೆ ಹೊತ್ತು ಹೋಯಿತು. ಮಗಳು ಪಕ್ಕದಲ್ಲೇ ಕುಳಿತು ಉಸಿರಾಡಿದ ಹಾಗೆ ಅನ್ನಿಸಿತು. ಸತ್ತವರು ಬರುವುದಿಲ್ಲ ಎಂದು ಅವಳಿಗೂ ಗೊತ್ತು. ಆದರೂ ಮರುದಿನ ಮತ್ತೆ ಹೋದಳು. ಅದರ ಮರುದಿನವೂ ಹೋದಳು.

ಒಮ್ಮೆ ಒಂದು ಗುಂಗುರು ಹುಳು ಬಂದು ಹನಿಯ ಮೇಲೆ ಕುಳಿತಿತು. ಏಳಲಾಗಲಿಲ್ಲ. ಎಳೆಗಳು ನಿಧಾನವಾಗಿ ಬಾಗಿ ಅದನ್ನು ತಬ್ಬಿದವು. ಹನಿ ನೀರಲ್ಲ, ಅಂಟು. ಗಿಡ ಹುಳುವನ್ನು ಹಿಡಿದು ತಿನ್ನುತ್ತದೆ ಎಂದು ಆಗ ತಿಳಿಯಿತು. ಅವಳು ಹುಲ್ಲುಕಡ್ಡಿಯಿಂದ ಅದನ್ನು ಬಿಡಿಸಿ, ರೆಕ್ಕೆ ತೊಳೆದು ಹಾರಿಬಿಟ್ಟಳು.

ಅಂದಿನಿಂದ ಅದೇ ಕೆಲಸವಾಯಿತು. "ದನ ಕಾಯುವವರನ್ನು ಕಂಡಿದ್ದೆ ಅತ್ತಿಗೆ, ಗುಂಗುರು ಕಾಯುವವರನ್ನು ಕಂಡಿರಲಿಲ್ಲ" ಎಂದು ನಾದಿನಿ ನಕ್ಕಳು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಎಷ್ಟೋ ಜೀವ ಉಳಿಯಿತು. ರಾತ್ರಿ ನಿದ್ದೆಯೂ ಬರತೊಡಗಿತು.

ಚಳಿ ಬಿದ್ದು ನೀರು ಕಡಿಮೆಯಾಯಿತು. ಬಯಲಿನ ಆಚೆ ಮಗ್ಗುಲಲ್ಲಿ, ಅವಳು ಕಾಲಿಡದ ಕಡೆ, ಗಿಡಗಳು ಬಿಳಿ ಹೂ ಬಿಟ್ಟು ಬೀಜ ಕಟ್ಟುತ್ತಿದ್ದವು. ಅವಳು ಕಾದ ಗಿಡಗಳು ಬಿಳಿಚಿಕೊಂಡು, ಹನಿ ಕಟ್ಟಲಾರದೆ ಒಂದೊಂದೇ ಒಣಗಿದವು. ಸೋಸಿದ ನೀರು ಎರೆದಳು. ಗಂಜಿಯ ತಿಳಿ ಹನಿಸಿದಳು; ಬಿದ್ದಲ್ಲೆಲ್ಲ ಎಲೆ ಕಪ್ಪಾಯಿತು. ನೆಲ ಕೊಡದ್ದನ್ನು ಗಿಡ ಗಾಳಿಯಿಂದ ಹಿಡಿದು ತಿನ್ನುತ್ತಿತ್ತು, ಆ ತುತ್ತನ್ನು ತಾನು ಅದರ ಬಾಯಿಂದ ಕಿತ್ತುಕೊಂಡೆ ಎಂದು ಅವಳಿಗೆ ಹೊಳೆಯಿತು. ಅಷ್ಟು ಹೊತ್ತಿಗೆ ಈಚೆ ಮಗ್ಗುಲಲ್ಲಿ ಉಳಿದದ್ದು ಒಂದೇ ಗಿಡ. ಅದರಲ್ಲೂ ಹನಿ ಇದ್ದದ್ದು ಒಂದೇ ಎಲೆಯಲ್ಲಿ. ಅದು ಬೀಜ ಕಟ್ಟದೆ ಹೋದರೆ ಮುಂದಿನ ವರ್ಷ ಆ ಜಾಗ ಬರಿಗಲ್ಲು.

ಅವಳು ಅದರ ಮುಂದೆ ಕುಳಿತಿದ್ದಾಗ ಒಂದು ಗುಂಗುರು ಬಂದು ಹನಿಯ ಸುತ್ತ ಸುತ್ತಿತು. ಓಡಿಸಲು ಅವಳ ಕೈ ತಾನಾಗಿ ಮೇಲೆದ್ದಿತು. ಎದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಮಡಿಲಲ್ಲಿ ಇಟ್ಟುಕೊಂಡಳು. ಗುಂಗುರು ಕುಳಿತಿತು, ಒದ್ದಾಡಿತು. ಅವಳು ಅತ್ತಳು, ಆದರೆ ಕಣ್ಣು ಮುಚ್ಚಲಿಲ್ಲ. ಅದರ ಅಲುಗಾಟ ನಿಂತ ಮೇಲೆ ಎದ್ದು ಮನೆಗೆ ಹೋದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಕಣ್ಣೆದುರೇ ಒಂದು ಜೀವ ಹೋಗುವುದನ್ನು ನೋಡುತ್ತಾ ಕುಳಿತಳಲ್ಲ ಗುರುಗಳೇ, ಅವಳ ವ್ರತ ಏನಾಯಿತು?"

"ಅಷ್ಟೊಂದು ಗಿಡ ಹಸಿದು ಸತ್ತಾಗ ನೀನು ಇದನ್ನು ಕೇಳಲಿಲ್ಲ" ಎಂದರು ಗುರುಗಳು.