ಕೇಳೋ ಆಚಾರಿ

ಭಾಳ ಹಿಂದಿನ ಮಾತು ಇದು. ನಮ್ಮ ಅಜ್ಜಿಯ ಅಜ್ಜಿ ಹೇಳುವಾಗಲೇ ಹಳೇ ಕಥೆಯಾಗಿತ್ತಂತೆ. ಬೆಟ್ಟದ ನಡುವೆ ಒಂದು ಕಣಿವೆ ಇತ್ತು, ಆ ಕಣಿವೆಯಲ್ಲಿ ಹೊನ್ನೇಬಾರೆ ಅನ್ನೋ ಒಂದು ಪೋಡು ಇತ್ತು. ಪೋಡು ಅಂದರೆ ಕಾಡಿನ ಜನ ಬಾಳೋ ಊರು. ಹುಲ್ಲು ಹೊದಿಸಿದ ಗುಡಿಸಲು, ರಾಗಿ ಚೆಲ್ಲಿದ ಸಣ್ಣ ಹೊಲ, ಪಕ್ಕದಲ್ಲಿ ಹಳ್ಳ. ಅಷ್ಟೇ.

ಕೆಳಗಡೆ ಬಯಲಿನಲ್ಲಿ ಒಬ್ಬ ದೊರೆ ಇದ್ದ. ಕೆಟ್ಟವನಲ್ಲ ಅಂತಾರೆ. ಅವನ ಗದ್ದೆಗಳಿಗೆ ನೀರು ಸಾಲದೆ, ಕಣಿವೆಯ ಬಾಯಿಗೆ ಏರಿ ಕಟ್ಟಿ ದೊಡ್ಡ ಕೆರೆ ಮಾಡಿಸೋದು ಅಂತ ಗೊತ್ತುಮಾಡಿದ. ಕೆರೆ ತುಂಬಿದರೆ ಹೊನ್ನೇಬಾರೆ ಮುಳುಗ್ತದೆ. ಅದಕ್ಕೆ ದೊರೆ ತನ್ನ ಆಚಾರಿಯನ್ನ ಕರೆಸಿ, ಬಯಲಿನ ಅಂಚಿಗೆ ಕಾಡಿನ ಜನಕ್ಕೆ ಒಳ್ಳೇ ಮನೆ ಕಟ್ಟಿಕೊಡು, ಯಾವುದಕ್ಕೂ ಕಡಿಮೆ ಮಾಡಬೇಡ ಅಂದನಂತೆ.

ಆ ಆಚಾರಿಯ ಹೆಸರು ಈರಾಚಾರಿ. ಅವನು ಕೂರಿಸಿದ ಬಾಗಿಲು ತೆಗೆದರೂ ಹಾಕಿದರೂ ಸದ್ದಿರಲಿಲ್ಲವಂತೆ. ಅವನ ಉಳಿ ತಾಗಿದ ಮರಕ್ಕೆ ಗೆದ್ದಲು ಹತ್ತುತ್ತಿರಲಿಲ್ಲ ಅಂತಲೂ ಅಂತಾರೆ. ಅಂಥಾ ಆಚಾರಿ ಮನಸ್ಸಿಟ್ಟು ಕಟ್ಟಿದ. ಕಲ್ಲಿನ ಗೋಡೆ, ಹಂಚಿನ ಮಾಡು, ಒಂದೇ ಸಾಲು, ಎಲ್ಲಾ ಬಾಗಿಲೂ ಗಾಡಿ ದಾರಿಯ ಕಡೆಗೆ. ಒಂದೊಂದು ಬಾಗಿಲ ಮೇಲೂ ಒಂದೊಂದು ಹೂ ಕೆತ್ತಿದ. ಮುಗಿದ ಮೇಲೆ ಪೋಡಿನವರನ್ನ ಕರೆತಂದು ತೋರಿಸಿ, ಹೇಗದೆ ಅಂತ ಕೇಳಿದ. ಅವರು ಮನೆ ನೋಡಿದರು, ಅವನ ಮುಖ ನೋಡಿದರು.

"ಚೆಂದಾಗದೆ ಆಚಾರಿ" ಅಂದರು.

ಮಳೆಗಾಲ ಕಳೆದ ಮೇಲೆ ಈರಾಚಾರಿಗೆ ತನ್ನ ಮನೆಗಳನ್ನ ನೋಡೋ ಆಸೆಯಾಯಿತು. ಬಂದು ನೋಡಿದರೆ ಒಂದು ನರಪಿಳ್ಳೆ ಇಲ್ಲ. ಬಾಗಿಲುಗಳು ಗಾಳಿಗೆ ಆಡ್ತಾ ಇದ್ದವು. ಅಡುಗೆಯ ಬೂದಿ ಮನೆಯೊಳಗೆ ಎಲ್ಲೂ ಇರಲಿಲ್ಲ, ಅಂಗಳದಲ್ಲಿತ್ತು. ಆ ಮಳೆಯಲ್ಲೂ ಹೊರಗೇ ಒಲೆ ಹೂಡಿದ್ದಾರೆ. ಅವನಿಗೆ ಸಿಟ್ಟು ಬಂತಂತೆ. ಯಾರಿಗೆ ಬರಲ್ಲ ಹೇಳಿ? ಅದೇ ಸಿಟ್ಟಿನಲ್ಲಿ ಬೆಟ್ಟ ಹತ್ತಿ ಹೊನ್ನೇಬಾರೆಗೆ ಹೋದ.

ಪೋಡಿನ ಯಜಮಾನ ಕುಂಬೇಗೌಡ ಅವನನ್ನ ಕೂರಿಸಿ ಜೇನು ಕೊಟ್ಟ, ರಾಗಿ ರೊಟ್ಟಿ ಕೊಟ್ಟ.

"ಯಾಕೆ ಬಿಟ್ಟು ಬಂದಿರಿ?" ಅಂದ ಈರಾಚಾರಿ.

"ನೀನು ನಮ್ಮನ್ನ ಕೇಳಲಿಲ್ಲವಲ್ಲ ಆಚಾರಿ."

"ಕೇಳಿದೆನಲ್ಲಪ್ಪ! ಚೆಂದಾಗದೆ ಅಂದವರು ನೀವೇ."

"ಕಟ್ಟಿ ಆದಮೇಲೆ ಕೇಳಿದೆ. ಆಗ ಇನ್ನೇನು ಹೇಳೋದು? ಅಷ್ಟು ಕಷ್ಟಪಟ್ಟಿದ್ದೀಯ, ಮನಸ್ಸು ನೊಂದುಕೊಳ್ತೀಯ ಅಂತ ಚೆಂದಾಗದೆ ಅಂದೆವು."

ಈರಾಚಾರಿ ತಲೆ ತಗ್ಗಿಸಿದನಂತೆ. ಬಾಚಿ ಉಳಿ ಎಲ್ಲಾ ಒಂದು ಚೀಲಕ್ಕೆ ಹಾಕಿ ಕುಂಬೇಗೌಡನ ಗುಡಿಸಲ ಬಿದಿರ ಗಳುವಿಗೆ ನೇತುಹಾಕಿ, ಅಲ್ಲೇ ಉಳಿದುಬಿಟ್ಟ.

ಆಮೇಲೆ ಅವನು ಕೇಳಿದ. ಗುಡಿಸಲಿಂದ ಗುಡಿಸಲಿಗೆ ಹೋಗಿ ಕೇಳಿದ. ಹೊಲದಲ್ಲಿ ಕೇಳಿದ, ಗೆಣಸು ಅಗೆಯೋ ಕಡೆ ಕೇಳಿದ. ಆದರೆ ಆ ಜನ ಕೇಳಿದ ತಕ್ಷಣ ಮಾತಾಡೋರಲ್ಲ. ನಕ್ಕು ಸುಮ್ಮನಾಗೋರು. ಆಗ ಅವನು ಹಳ್ಳದ ದಂಡೆಯಲ್ಲಿ ಮರಳು ಹರವಿ, ನಿಮ್ಮ ನಿಮ್ಮ ಮನೆ ಎಲ್ಲಿರಬೇಕೋ ಅಲ್ಲಿ ಒಂದು ಕಲ್ಲಿಡಿ, ಬಾಗಿಲ ಕಡೆಗೆ ಒಂದು ಕಡ್ಡಿ ಚುಚ್ಚಿ ಅಂದ. ಮೊದಲು ಮಕ್ಕಳು ಬಂದರು. ಆಮೇಲೆ ಹೆಂಗಸರು, ಕೊನೆಗೆ ಗಂಡಸರು. ಕಲ್ಲಿಟ್ಟರು, ಇನ್ನೊಬ್ಬರದನ್ನ ಸರಿಸಿದರು, ಜಗಳಾಡಿದರು, ಮಾರನೇ ದಿನ ಬಂದು ಎಲ್ಲಾ ಕೆಡಿಸಿ ಮತ್ತೆ ಇಟ್ಟರು.

ಮಾತು ಬಿಟ್ಟಿದ್ದ ಅಣ್ಣತಮ್ಮ ಇಬ್ಬರು, ಬಾಗಿಲು ಒಂದು ಅತ್ತ ಇರಲಿ ಒಂದು ಇತ್ತ ಇರಲಿ, ಒಲೆಯ ಗೋಡೆ ಮಾತ್ರ ಒಂದೇ ಇರಲಿ ಅಂದರಂತೆ. ಹೆಂಗಸರು ನೀರಿನ ದಾರಿ ಗಂಡಸರು ಕೂರೋ ಕಟ್ಟೆಯ ಮುಂದೆ ಬೇಡ ಅಂದರು. ಕಣ್ಣು ಕಾಣದ ಒಬ್ಬ ಮುದುಕ, ಹಂಚು ಬೇಡಪ್ಪ, ಹಂಚಿನ ಮೇಲೆ ಬೀಳೋ ಮಳೆ ಬೈದ ಹಾಗೆ ಕೇಳ್ತದೆ, ಹುಲ್ಲೇ ಇರಲಿ ಅಂದ. ಈರಾಚಾರಿ ಎಲ್ಲಾ ಕೇಳಿದ. ಅವನಿಗೆ ಕೇಳೋ ಆಚಾರಿ ಅಂತ ಹೆಸರು ಬಂದದ್ದು ಆಗಲೇ.

ಬೇದಮ್ಮ ಅಂತ ಒಬ್ಬಳು ಇದ್ದಳು. ಗಂಡನಿಲ್ಲ, ಅಣ್ಣನ ಗುಡಿಸಲಲ್ಲಿ ಇರೋಳು. ದಿನಾ ಬರೋಳು, ಮರಳಿನ ಪಕ್ಕ ಕೂರೋಳು, ಕಲ್ಲು ಮಾತ್ರ ಇಡ್ತಿರಲಿಲ್ಲ. ಒಂದು ಸಲ ಅವನು, ನಿನ್ನದು ಎಲ್ಲಿ ತಾಯಿ ಅಂತ ಕೇಳಿದ. ಅವಳು ತಲೆ ಆಡಿಸಿದಳು. ಅಣ್ಣನ ಜೊತೆಗೇ ಇರ್ತಾಳೆ ಅಂದುಕೊಂಡು ಮುಂದಕ್ಕೆ ಹೋದ. ಏರಿಯ ಕೆಲಸ ಮುಗಿಯೋಕೆ ಬಂದಿತ್ತು, ಅವನಿಗೂ ಆತುರ.

ಕೆಳಗಿಳಿದು ದೊರೆಯ ಹತ್ತಿರ ಹೋಗಿ, ಬಯಲು ಬೇಡ ಬುದ್ಧಿ, ಕಣಿವೆಯ ಮೇಲಿನ ಇಳಿಜಾರು ಕೊಡಿ ಅಂತ ಬೇಡಿದ. ನಿನಗೂ ಕಾಡು ಹಿಡೀತಾ ಆಚಾರಿ ಅಂತ ದೊರೆ ನಕ್ಕ. ನಕ್ಕರೂ ಕೊಟ್ಟ. ಇಳಿಜಾರಿನಲ್ಲಿ ಅವರವರ ಮನೆ ಅವರವರೇ ಕಟ್ಟಿಕೊಂಡರು. ಆಚಾರಿ ಕಂಬ ನಿಲ್ಲಿಸಿದ, ಬಾಗಿಲು ಕೂರಿಸಿದ, ಅಷ್ಟೇ. ಜನ ಹಾಡಿಕೊಂಡು ಮೇಲಕ್ಕೆ ಹೋದರು. ಅವತ್ತು ಅವನಷ್ಟು ಸುಖಪಟ್ಟವರು ಯಾರೂ ಇರಲಿಲ್ಲ ಅಂತಾರೆ.

ಮಳೆ ಹಿಡಿಯಿತು. ಕೆಳಗೆ ತೂಬು ಮುಚ್ಚಿದರು. ಹಳ್ಳ ಹಿಂದಕ್ಕೆ ತಿರುಗಿ ಕಣಿವೆಗೆ ಏರತೊಡಗಿತು. ಎಲ್ಲರೂ ಇಳಿಜಾರಿನಲ್ಲಿ ನಿಂತು, ತಮ್ಮ ಹಳೇ ಒಲೆಗಳು ಮುಳುಗೋದನ್ನ ನೋಡ್ತಾ ಇದ್ದರು. ಆಗ ಯಾರೋ, ಬೇದಮ್ಮ ಎಲ್ಲಿ ಅಂದರು.

ಬೇದಮ್ಮ ಕಣಿವೆಯಲ್ಲಿದ್ದಳು. ಜ್ವರ ಬಂದು ಸತ್ತ ಅವಳ ಮಗಳನ್ನ ಅಲ್ಲೇ ಹೂತು, ಮಗಳ ಹೆಸರಲ್ಲಿ ಒಂದು ಕಲ್ಲು ನೆಟ್ಟಿದ್ದರು. ಆ ಕಲ್ಲನ್ನ ತಬ್ಬಿಕೊಂಡು ಕೂತಿದ್ದಳು. ಈರಾಚಾರಿ ಬಿದ್ದು ಎದ್ದು ಇಳಿದು ಬಂದ. ನೀರು ಮೊಣಕಾಲಿಗೆ ಬಂದಿತ್ತು.

"ಎದ್ದೇಳು ತಾಯಿ."

"ನೀನು ಎಲ್ಲರ ಬಾಗಿಲೂ ಕೇಳಿದೆ, ಎಲ್ಲರ ಒಲೆಯೂ ಕೇಳಿದೆ" ಅಂದಳು ಬೇದಮ್ಮ. "ನನ್ನ ಮಗಳು ಎಲ್ಲಿರಬೇಕು ಅಂತ ಕೇಳಲಿಲ್ಲವಲ್ಲ ಆಚಾರಿ."

"ನೀನು ಕಲ್ಲೇ ಇಡಲಿಲ್ಲವಲ್ಲ."

"ನನ್ನ ಕಲ್ಲು ಇಲ್ಲಿತ್ತು. ಇದನ್ನ ಕಿತ್ತುಕೊಂಡು ಮರಳಿನ ಮೇಲೆ ಹೇಗೆ ಇಡಲಿ?"

ಅವನು ಕಲ್ಲಿಗೆ ಕೈ ಹಾಕಿದ. ಎಳೆದ. ಉಗುರು ಕಿತ್ತು ರಕ್ತ ಬಂತು, ಕಲ್ಲು ಅಲ್ಲಾಡಲಿಲ್ಲ. ಕುಂಬೇಗೌಡನೂ ಅವಳ ಅಣ್ಣನೂ ಬಂದು ಅವಳನ್ನ ಎತ್ತಿಕೊಂಡು ಹೋದರು. ಆಚಾರಿಯನ್ನೂ ಎಳೆದುಕೊಂಡೇ ಹೋಗಬೇಕಾಯಿತು. ಆ ಕಲ್ಲು ಆಮೇಲೆ ನೀರ ಮೇಲೆ ತೇಲಿ ಬಂತು ಅನ್ನೋರೂ ಇದ್ದಾರೆ. ಇಲ್ಲ, ಮಕ್ಕಳೇ. ಕಲ್ಲು ತೇಲಲ್ಲ. ಮುಳುಗಿತು.

ಬೇದಮ್ಮ ಅಣ್ಣನ ಹೊಸ ಮನೆಗೆ ಕಾಲಿಡಲಿಲ್ಲ. ನೀರಿನ ಅಂಚಿನಲ್ಲಿ ಒಂದು ಬಂಡೆಯ ಮರೆಗೆ ಕೂತಳು. ಈರಾಚಾರಿ ಹೋಗಿ ಅವಳ ಎದುರು ಕೂತ. ನಿನಗೆ ಏನು ಬೇಕು ತಾಯಿ ಅಂದ. ಅವಳು ಮಾತಾಡಲಿಲ್ಲ. ಈ ಸಲ ಅವನು ಎದ್ದು ಹೋಗಲಿಲ್ಲ. ದಿನಾ ಬಂದು ಕೂರೋನು. ಮಳೆ ನಿಂತಿತು, ಚಳಿ ಬಂತು, ಹೊನ್ನೇಮರ ಎಲೆ ಉದುರಿಸಿತು. ಆಗ ಒಂದು ಬೆಳಗ್ಗೆ ಬೇದಮ್ಮ, "ನೀರಿನ ಕಡೆಗೆ ಒಂದು ಬಾಗಿಲು" ಅಂದಳು. ಅಷ್ಟೇ ಅಂದಳು. ಅವನು ಅಷ್ಟನ್ನೇ ಕಟ್ಟಿಕೊಟ್ಟ.

ಈರಾಚಾರಿ ಮತ್ತೆ ಬಯಲಿಗೆ ಹೋಗಲಿಲ್ಲ. ದೊರೆ ಹೇಳಿಕಳಿಸಿದರೂ ಹೋಗಲಿಲ್ಲ. ಬೇರೆ ಬೇರೆ ಪೋಡಿನವರು ಕರೆದ ಕಡೆಗೆಲ್ಲಾ ಹೋಗಿ, ಮೊದಲು ಕೇಳಿ ಆಮೇಲೆ ಕಟ್ಟಿದ. ಮರ ಕಡಿಯೋ ಮುಂಚೆ ಮರವನ್ನೂ ಕೇಳ್ತಿದ್ದನಂತೆ. ಅವನು ಕೇಳಿದರೆ ಮೂಗರೂ ಮಾತಾಡ್ತಿದ್ದರಂತೆ. ಅವನು ನಗೋದನ್ನ ಮಾತ್ರ ಯಾರೂ ಕಾಣಲಿಲ್ಲವಂತೆ. ಸಂಜೆಯಾದರೆ ಇಳಿಜಾರಿನ ತುದಿಗೆ ಹೋಗಿ ಬಯಲಿನ ಕಡೆ ಮುಖ ಮಾಡಿ ನಿಲ್ಲೋನು. ಜನ, ಆಚಾರಿ ಮೋಡ ನೋಡ್ತಾವನೆ ಅಂದುಕೊಂಡರು.

ಮುದುಕನಾದ, ಕಾಯಿಲೆ ಬಿದ್ದ, ತೀರಿಕೊಂಡ. ಪೋಡಿಗೆ ಪೋಡೇ ಸೇರಿ ಅತ್ತಿತು. ಆಮೇಲೆ ಕುಂಬೇಗೌಡ, ಇವರ ಕುಲದಲ್ಲಿ ಸುಡ್ತಾರಾ ಹೂಳ್ತಾರಾ ಅಂತ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಇವನ ಊರು ಯಾವುದು, ಇವನಿಗೆ ಹೆಂಡತಿ ಇದ್ದಳಾ, ಮಕ್ಕಳಿದ್ದರಾ? ಗೊತ್ತಿರಲಿಲ್ಲ. ಯಾರಿಗೆ ಹೇಳಿಕಳಿಸಬೇಕು? ಅಷ್ಟು ವರ್ಷ ಅವರ ನಡುವೆ ಉಂಡು ಮಲಗಿದವನನ್ನ ಒಬ್ಬರೂ ಏನೂ ಕೇಳಿರಲಿಲ್ಲ.

ಬೇದಮ್ಮ ಅವನ ಕಾಲ ಹತ್ತಿರ ಕುಸಿದು ಕೂತು, "ನನ್ನ ಬಾಯಿ ಬಿಡಿಸೋಕೆ ಅಷ್ಟು ದಿನ ಕಾದೆಯಲ್ಲೋ ಅಣ್ಣ" ಅಂತ ಎದೆ ಬಡಿದುಕೊಂಡು ಅತ್ತಳಂತೆ. ಅವಳ ಗುಡಿಸಲ ಪಕ್ಕದಲ್ಲೇ ಅವನನ್ನ ಹೂತರು. ತಲೆ ಯಾವ ಕಡೆಗೆ ಇಡಬೇಕು ಅಂತ ತಿಳಿಯದೆ, ಕೊನೆಗೆ ಬಯಲಿನ ಕಡೆಗೆ ಇಟ್ಟರು.

ಈಗಲೂ ಆ ಬೆಟ್ಟದ ಪೋಡುಗಳಲ್ಲಿ ಮನೆ ಕಟ್ಟೋಕೆ ಹೊರಗಿನಿಂದ ಕೆಲಸದವರು ಬಂದರೆ, ಮೊದಲ ದಿನ ಹಾರೆ ಮುಟ್ಟಿಸಲ್ಲ. ನೆರಳಲ್ಲಿ ಕೂರಿಸಿ, ರೊಟ್ಟಿ ಜೇನು ಕೊಟ್ಟು, ಮನೆಯ ಹಿರಿಯ ಹೆಂಗಸು ಎದುರಿಗೆ ಕೂತು ಕೇಳ್ತಾಳೆ. ನಿನ್ನ ಊರು ಯಾವುದಪ್ಪ, ಮನೆಯಲ್ಲಿ ಯಾರ‍್ಯಾರು ಇದ್ದಾರೆ, ನಿನಗೆ ಏನು ಬೇಕು ಅಂತ. ಬಂದವರು ನಾಚಿಕೊಂಡು, ಏನೂ ಬೇಡಮ್ಮ ಅಂತಾರೆ.

ಏನೂ ಬೇಡ ಅಂದರೂ ಅವಳು ಏಳಲ್ಲ. ಅಲ್ಲೇ ಕೂತಿರ್ತಾಳೆ.