ಇನ್ನೊಬ್ಬರನ್ನು ಕರೆಯತಕ್ಕದ್ದಲ್ಲ

ಸರ್ಕಾರಿ ಕಚೇರಿಯೊಂದರ ಗುಮಾಸ್ತೆ ಪದ್ಮಾಕ್ಷಿ ಕಂಪ್ಯೂಟರಿಗೊಂದು ಪುಟ್ಟ ಸ್ಕ್ರಿಪ್ಟ್ ಬರೆದಿದ್ದಳು. ಒಂದು ಕೀ ಒತ್ತಿದರೆ ಸಾಕು, ಇನ್ನೂರು ಅರ್ಜಿಗಳಿಗೆ ಉತ್ತರ ತಯಾರು. ಮೇಲಧಿಕಾರಿ ಚೆನ್ನಕೇಶವಯ್ಯನವರಿಗೆ ಇದು ಹಿಡಿಸಲಿಲ್ಲ. ಪರದೆಯ ಮೇಲೆ ಬೆರಳಿಟ್ಟು, "ಏನಮ್ಮಾ ಇದು, ಡಿಎಲ್ಎಲ್ ಕಾಲ್?" ಎಂದರು.

"ಸ್ಕ್ರಿಪ್ಟಿಗೆ ಬಾರದ ಕೆಲಸ ಸಾರ್. ಡಿಎಲ್ಎಲ್ ಅನ್ನೋ ಹೊರಗಿನ ಲೈಬ್ರರಿಯಲ್ಲಿ ಬರೆದಿಟ್ಟಿರೋ ಫಂಕ್ಷನ್ನನ್ನ, ಅಂದ್ರೆ ಸಿದ್ಧ ಪ್ರೋಗ್ರಾಮನ್ನ, ಕರೆದು ಮಾಡಿಸುತ್ತೆ."

"ಅಂದರೆ ಮೈಗಳ್ಳ ಸ್ಕ್ರಿಪ್ಟು! ಕೆಲಸ ಇನ್ನೊಬ್ಬರದು, ಹೆಸರು ಇದರದು! ನನ್ನ ಕಚೇರೀಲಿ ಇವೆಲ್ಲ ನಡೆಯಲ್ಲ. ಅಳಿಸಿಹಾಕು."

ಅಳಿಸಿದರೆ ಇನ್ನೂರು ಉತ್ತರಗಳನ್ನೂ ಅವಳೇ ಕೂತು ಟೈಪ್ ಮಾಡಬೇಕು. ಪದ್ಮಾಕ್ಷಿ ಬಲು ವಿನಯದಿಂದ, "ಲಿಖಿತ ಆದೇಶ ಕೊಟ್ಟುಬಿಡಿ ಸಾರ್" ಎಂದು ತಾನೇ ಟೈಪ್ ಮಾಡಿ ತಂದಳು: "ಈ ಕಚೇರಿಯಲ್ಲಿ ಯಾರೂ ತಮ್ಮ ಕೆಲಸಕ್ಕೆ ಇನ್ನೊಬ್ಬರನ್ನು ಕರೆಯತಕ್ಕದ್ದಲ್ಲ." ಓದದೆ ಸಹಿ ಹಾಕುವುದು ಸಾಹೇಬರ ಇಪ್ಪತ್ತು ವರ್ಷಗಳ ಸೇವಾನುಭವ. ಹಾಕಿದರು.

ಹನ್ನೊಂದಕ್ಕೆ ಕಾಫಿಗೆಂದು ಬೆಲ್ ಒತ್ತಿದರು. ಜವಾನ ದ್ಯಾವಪ್ಪ ಬಾಗಿಲಲ್ಲೇ ನಿಂತು ಆದೇಶದ ಪ್ರತಿ ತೋರಿಸಿದ. ಫೈಲು ಕೇಳಿದರು. ಅದೂ ಬರಲಿಲ್ಲ. ಸಾಹೇಬರು ಕೆಂಡಾಮಂಡಲವಾಗಿ ಹೊರಗೆ ಬಂದರು. "ಆ ಆದೇಶ ರದ್ದು! ಈಗಲೇ ಟೈಪ್ ಮಾಡಮ್ಮಾ!"

ಪದ್ಮಾಕ್ಷಿ ಎದ್ದು ಕುರ್ಚಿ ಬಿಟ್ಟುಕೊಟ್ಟಳು. "ನನ್ನನ್ನು ಕರೆಯೋ ಹಾಗಿಲ್ಲವಲ್ಲ ಸಾರ್. ನೀವೇ ಕೂತ್ಕೊಳ್ಳಿ."

ಸಾಹೇಬರು ಒಂದೇ ಬೆರಳಲ್ಲಿ ಹುಡುಕತೊಡಗಿದರು. ಊಟದ ಹೊತ್ತಿಗೆ 'ರ' ಸಿಕ್ಕಿತು. 'ದ್ದು' ಸಿಗಲಿಲ್ಲ. ಕೊನೆಗೆ ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದರು:

"ನಿನ್ನ ಸ್ಕ್ರಿಪ್ಟು ಹೊರಗಿನಿಂದ ಯಾರನ್ನೋ ಕರೆಯುತ್ತಲ್ಲಮ್ಮಾ, ಇದಕ್ಕೂ ಅವರನ್ನೇ ಕರೆಸು."