ಮೊಟ್ಟೆ ಹಾಕುವ ಗಾಡಿ

"ಏನು ಕೆಲಸ ಮಾಡ್ತೀರಮ್ಮ?" ಎಂದು ಎಲೆಕ್ಟ್ರಿಕ್ ಸ್ಕೂಟರ್ ಶೋರೂಮಿನ ಮ್ಯಾನೇಜರ್ ಕೇಳಿದ.

"ಅಂಗಡಿಗಳಿಗೆ ಮೊಟ್ಟೆ ಹಾಕ್ತೀನಿ" ಎಂದಳು ದೇವೀರಮ್ಮ, ಕೈಯಲ್ಲಿದ್ದ ಎರಡು ಟ್ರೇ ಇಳಿಸದೆ.

ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಗಂಟೆಗೆ ನೂರು ಕಿಲೋಮೀಟರ್ ಓಡುವ ಗಾಡಿಯನ್ನೇ ಹೊಗಳತೊಡಗಿದ. "ಸಣ್ಣದೆಲ್ಲ ಯಾಕೆ? ಇದು ಕುಲುಕೋದೇ ಇಲ್ಲ. ಇವತ್ತೇ ಬುಕ್ ಮಾಡಿ."

ದೇವೀರಮ್ಮ ಓಡಾಡುವುದು ದಿನಕ್ಕೆ ಇಪ್ಪತ್ತೇ ಕಿಲೋಮೀಟರ್. ಆದರೂ ವಾದ ಮಾಡಲಿಲ್ಲ.

"ಓಡಿಸಿ ನೋಡೋಣ ಸ್ವಾಮಿ, ಹಿಂದೆ ಕೂತ್ಕೊಳ್ಳಿ. ಕಾಲಿಡೋ ಕಡೆ ಜಾಗ ಇಲ್ಲ, ಟ್ರೇ ನಿಮ್ಮ ತೊಡೆ ಮೇಲಿರಲಿ. ದಾರೀಲಿ ಏಳು ಹಂಪ್ ಇವೆ."

ಮ್ಯಾನೇಜರ್ ತನ್ನ ಬಿಳಿ ಶರ್ಟು ನೋಡಿಕೊಂಡ. ಮೂಲೆಯಲ್ಲಿ ಕಾಲಿಡಲು ಅಗಲ ಜಾಗವಿದ್ದ ಸಣ್ಣ ಗಾಡಿಯ ಧೂಳನ್ನು ತಾನೇ ಒರೆಸಿದ.

"ಟ್ರೇ ಇಡೋ ವಿಷಯ ಮೊದಲೇ ಹೇಳಬಾರದಿತ್ತಾ?"

"ಹೇಳಿದ್ದೆನಲ್ಲ, ಮೊಟ್ಟೆ ಹಾಕ್ತೀನಿ ಅಂತ. ನೀವು ನಗ್ತಾ ಇದ್ರಿ."